ಹೆಸರು ಹಾಕಬಹುದು

ಕ್ಲಿಯರ್ ಲೇಕ್, ಹ್ಯೂಸ್ಟನ್
ಸೋಮವಾರ, ೨೦ ಮೇ ೧೯೭೪

ಅನುರಾಧಾ,

ಮೂರು ಗಂಟೆ ಇಪ್ಪತ್ತು ನಿಮಿಷ. ನಲ್ಲಿಯ ಸದ್ದಿಗೆ ಎಚ್ಚರವಾಯಿತು. ನಮ್ಮ ಮನೆಯ ನಲ್ಲಿಯಲ್ಲ; ಗೋಡೆಯಾಚೆಯ ಅಪಾರ್ಟ್‌ಮೆಂಟಿನಲ್ಲಿ ಮಿಸೆಸ್ ಹ್ಯಾರಿಸ್ ಇದ್ದಾರೆ, ಅವರದು. ನನ್ನ ಮಗು ರಾತ್ರಿ ಅತ್ತಾಗಲೆಲ್ಲ ಆ ನಲ್ಲಿ ತೆರೆದುಕೊಳ್ಳುತ್ತದೆ. ಒಂದು ಲೋಟ ತುಂಬುವಷ್ಟು ಹೊತ್ತು ಹರಿದು ನಿಲ್ಲುತ್ತದೆ. ಇವತ್ತು ಮೀರಾ ಅತ್ತು, ಹಾಲು ಕುಡಿದು, ಮಲಗಿಯೂ ಆಗಿತ್ತು. ನನಗೂ ಹೇಗೋ ಕಣ್ಣು ಹತ್ತಿತ್ತು. ಅಷ್ಟರಲ್ಲಿ ಈ ಸದ್ದು. ಇನ್ನು ನಿದ್ದೆ ಬರುವುದಿಲ್ಲ. ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದು, ಬಂದು ಮಲಗುವುದು, ಮತ್ತೆ ಎದ್ದು ಹೋಗಿ ನೋಡುವುದು. ಮೂರು ತಿಂಗಳಿಂದ ನನ್ನ ರಾತ್ರಿ ಇಷ್ಟೇ.

ಮೂರು ವರ್ಷ ಒಂದು ಸಾಲೂ ಬರೆಯದವಳು ಈಗ ನಲ್ಲಿಯ ವಿಷಯ ಬರೆಯುತ್ತಿದ್ದಾಳೆ ಅಂತ ನಗಬೇಡ. ಗಂಗೋತ್ರಿ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ನೀನು ಕೊನೆಗೆ ಆಡಿದ ಮಾತು ನನಗೆ ಬಾಯಿಪಾಠವಾಗಿದೆ. “ಹೋಗು, ಎಂ.ಎಸ್ಸಿ. ಫಿಸಿಕ್ಸ್ ಅರ್ಧಕ್ಕೆ ಬಿಟ್ಟು ಅಮೆರಿಕದಲ್ಲಿ ಒಗ್ಗರಣೆ ಹಾಕು.” ಹಾಕುತ್ತಲೇ ಇದ್ದೇನೆ.

ನೀನು ಆಸ್ಟಿನ್ನಿಗೆ ಬಂದಿದ್ದೀಯೆಂದು ನಿನ್ನೆಯವರೆಗೂ ಗೊತ್ತಿರಲಿಲ್ಲ. ನಿನ್ನೆ ಡಾಕ್ಟರ್ ಸೂರ್ಯನಾರಾಯಣ ಅಂಕಲ್ ಮನೆಯಲ್ಲಿ ಹ್ಯೂಸ್ಟನ್ನಿನ ಕನ್ನಡದವರೆಲ್ಲ ಸೇರಿದ್ದೆವು. ಶನಿವಾರ ರಾಜಸ್ಥಾನದಲ್ಲಿ ನಮ್ಮವರು ಅಣುಬಾಂಬ್ ಸಿಡಿಸಿದರಲ್ಲ, ಅದರ ಸಂಭ್ರಮ. ಅಂಕಲ್ ಹೆಂಡತಿ ಸುಶೀಲಮ್ಮ ಮೂರು ಬಣ್ಣದ ಬರ್ಫಿ ಮಾಡಿದ್ದರು. ಹಸಿರು ಜಾಸ್ತಿಯಾಗಿ ಪಾತ್ರೆ ತೊಳೆಯುವ ಸೋಪಿನ ಹಾಗೆ ಕಾಣುತ್ತಿತ್ತು. ನನ್ನ ಗಂಡ ಗುರುರಾಜ್ ಎರಡು ತಿಂದು, ಇನ್ನು ಆಫೀಸಿನಲ್ಲಿ ನಮ್ಮನ್ನು ಯಾರೂ ಹಾವಾಡಿಗರು ಅನ್ನುವ ಹಾಗಿಲ್ಲ ಅಂದರು. ಅವರ ಸಂತೋಷ ನನಗೆ ಅರ್ಥವಾಗುತ್ತದೆ. ನಾನೂ ತಿಂದೆ.

ಆಸ್ಟಿನ್ನಿನಿಂದ ಚನ್ನಬಸಪ್ಪನವರು ಬಂದಿದ್ದರು. ಧಾರವಾಡದಲ್ಲಿ ಲೆಕ್ಚರರ್ ಆಗಿದ್ದು, ರಜೆ ಹಾಕಿ ಓದಲು ಬಂದವರು. ನಾನು ಮೈಸೂರಿನವಳು ಎಂದ ಕೂಡಲೇ ನಿನ್ನ ಸುದ್ದಿ ತೆಗೆದರು. “ನಿಮ್ಮೂರ ಕಡೆಯವರೊಬ್ಬರು ಅದಾರ್ರಿ, ಫಿಸಿಕ್ಸ್ ಡಿಪಾರ್ಟ್‌ಮೆಂಟಿನಾಗ. ಪೇಡೆ ಕೊಟ್ರ ಮುಟ್ಟಲಿಲ್ಲ ನೋಡ್ರಿ. ಮನ್ಯಾಗ ಯಾರರೆ ತೀರಿಕೊಂಡಾರೇನು ಅನ್ನೂ ಹಂಗ ಕುಂತಿದ್ರು.” ಹೆಸರು ಕೇಳುವ ಮೊದಲೇ ನೀನೆಂದು ಗೊತ್ತಾಯಿತು.

ಸಂಜೆ ಒಂದು ತಟ್ಟೆಯಲ್ಲಿ ಬರ್ಫಿ ಹಾಕಿಕೊಂಡು ಮಿಸೆಸ್ ಹ್ಯಾರಿಸ್ ಮನೆಗೆ ಹೋದೆ. ಅವರು ಜಪಾನಿನವರು, ಹೆಸರು ತೊಮಿಕೋ. ಗಂಡ ವಿಮಾನದ ಮೆಕ್ಯಾನಿಕ್ ಆಗಿದ್ದರಂತೆ, ತೀರಿಹೋಗಿ ಎರಡು ವರ್ಷ. ಒಬ್ಬಳೇ ಮಗಳು ಲಿಂಡಾ ಡಾಲಸ್‌ನಲ್ಲಿದ್ದಾಳೆ, ಬಸುರಿ. ಇವರು ದಿನವಿಡೀ ಉಣ್ಣೆ ಹೆಣೆಯುತ್ತ ಕೂತಿರುತ್ತಾರೆ. ಗುರುರಾಜ್ ಅವರನ್ನು ‘ಹ್ಯಾರಿಸಮ್ಮ’ ಅನ್ನುತ್ತಾರೆ, ಪಾಪ, ಅವರಿಗೂ ಆ ಹೆಸರು ಇಷ್ಟವಾಗಿದೆ.

ಯಾವ ಹಬ್ಬ ಅಂತ ಕೇಳಿದರು. ಹೇಳಿದೆ. ತಟ್ಟೆ ಇಸಿದುಕೊಂಡರು.

“ಎಷ್ಟು ಜನ?” ಅಂದರು.

ಯಾರೂ ಇಲ್ಲ, ನೆಲದೊಳಗೆ, ಮರಳುಗಾಡಿನಲ್ಲಿ ಅಂದೆ. ಒಳ್ಳೆಯದಾಯಿತು ಅಂದರು. ತಟ್ಟೆಯ ಮೇಲೆ ಪೇಪರ್ ನ್ಯಾಪ್ಕಿನ್ ಮುಚ್ಚಿ, ಎರಡೂ ಕೈಯಿಂದ ನನಗೇ ವಾಪಸು ಕೊಟ್ಟರು.

ನೀನು ಯಾಕೆ ಪೇಡೆ ಮುಟ್ಟಲಿಲ್ಲ? ಬರೆ. ಬಯ್ದಾದರೂ ಬರೆ. ಈ ಊರಿನಲ್ಲಿ ನನ್ನನ್ನು ಬಯ್ಯುವವರೇ ಇಲ್ಲ.

ತುಳಸಿ

●

ಆಸ್ಟಿನ್
೯ ಜೂನ್ ೧೯೭೪

ತುಳಸಿ,

ಒಗ್ಗರಣೆಯ ಮಾತು ನಾನಾಡಿದ್ದು ಹೌದು. ಈಗ ನನ್ನ ಅಡಿಗೆ ನಾನೇ ಮಾಡಿಕೊಳ್ಳುತ್ತೇನೆ, ದಿನಾ ಸಾಸಿವೆ ಸೀಯುತ್ತದೆ. ಅದಕ್ಕೂ ಎರಡು ವರ್ಷ ಓದಬೇಕಿತ್ತು ಅನ್ನಿಸುತ್ತದೆ. ಇದನ್ನು ಕ್ಷಮಾಪಣೆ ಅಂತ ಓದಿಕೊ, ಇದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ.

ಪೇಡೆ ಯಾಕೆ ಮುಟ್ಟಲಿಲ್ಲ ಅಂದರೆ, ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟೆ. ಆಗಸ್ಟ್ ಆರಕ್ಕೆ, ಹಿರೋಶಿಮಾದ ದಿನ, ಇಲ್ಲೊಂದು ಸಭೆ ಮಾಡುತ್ತಿದ್ದೇವೆ. ಒಬ್ಬ ಪಾದ್ರಿ, ನಾಲ್ವರು ಜಪಾನೀ ವಿದ್ಯಾರ್ಥಿಗಳು, ಯುದ್ಧಕ್ಕೆ ಹೋಗಿ ಬಂದ ಒಬ್ಬ ಕಾರ್ಪೆಂಟರ್, ಮತ್ತೆ ನಾನು. ಬಾಂಬ್ ಇಟ್ಟುಕೊಂಡ ದೇಶಗಳೆಲ್ಲ ಅದನ್ನು ಕಳಚಿ ಇಡಬೇಕು, ಪರೀಕ್ಷೆ ನಿಲ್ಲಿಸಬೇಕು, ನಮ್ಮದೂ ಸೇರಿ, ಅಂತ ಒಂದು ಮನವಿ. ಆ ‘ನಮ್ಮದೂ ಸೇರಿ’ಗಾಗಿ ನಮ್ಮ ಹುಡುಗರು ನನ್ನ ಜತೆ ಮಾತು ಬಿಟ್ಟಿದ್ದಾರೆ. ನಮ್ಮ ಬಾಂಬಿನಿಂದ ಯಾರು ಸತ್ತಿದ್ದಾರೆ ತೋರಿಸಿ ಅನ್ನುತ್ತಾರೆ. ಅಂಕಿಅಂಶ ಕೊಟ್ಟರೆ ಆಕಳಿಸುತ್ತಾರೆ. ನಿನ್ನ ಹ್ಯಾರಿಸಮ್ಮ ಎರಡು ಪದದಲ್ಲಿ ಕೇಳಿದ್ದನ್ನು ಕೇಳಲು ನನಗೆ ಎರಡು ವರ್ಷ ಬೇಕಾಯಿತು.

ಅವರು ಹಿರೋಶಿಮಾದವರಾ? ನೀನಾಗಿ ಕೆದಕಬೇಡ. ಅವರಾಗಿ ಹೇಳಿದರೆ, ಹೇಳಲು ಇಷ್ಟವಿದ್ದರೆ, ನನಗೆ ಬರೆ. ಅವಸರವಿಲ್ಲ, ಆದರೆ ಆಗಸ್ಟ್ ಆರು ನೆನಪಿರಲಿ. ಪತ್ರಿಕೆಯವರನ್ನೂ ಕರೆದಿದ್ದೇವೆ.

ನಿನ್ನ ‘ಳ’ ಇನ್ನೂ ಬಾಲ ಎತ್ತಿಕೊಂಡೇ ಇದೆ. ಕಾಗದವನ್ನು ಲ್ಯಾಬ್ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ.

ಅನು

●

ಕ್ಲಿಯರ್ ಲೇಕ್
ಗುರುವಾರ, ೧೮ ಜುಲೈ ೧೯೭೪

ಅನು,

ನಿನ್ನ ಕಾಗದ ಬಂದು ಐದು ವಾರ. ನಾನು ಕೆದಕಲಿಲ್ಲ. ನಾನು ಮಾತೆತ್ತಿದ್ದು ನಲ್ಲಿಯ ಬಗ್ಗೆ ಮಾತ್ರ. ಹೋದ ಶುಕ್ರವಾರ ರಾತ್ರಿ ಒಂದು ಗಂಟೆಯಷ್ಟೂ ಮಲಗಿರಲಿಲ್ಲ. ಬೆಳಿಗ್ಗೆ ಕಾರಿಡಾರಿನಲ್ಲಿ ಸಿಕ್ಕವರಿಗೆ, ನಿಮ್ಮ ನಲ್ಲಿಯ ಸದ್ದಿಗೆ ನನಗೆ ಎಚ್ಚರವಾಗುತ್ತದೆ, ದಯವಿಟ್ಟು, ಅಂದುಬಿಟ್ಟೆ. ಅವರು ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. ಆ ಮೇಲೆ ಮೂರು ರಾತ್ರಿ ನಲ್ಲಿ ತಿರುಗಲಿಲ್ಲ. ಆ ಮೂರು ರಾತ್ರಿಯೂ ನನಗೆ ನಿದ್ದೆ ಬರಲಿಲ್ಲ, ಆ ಮಾತು ಬೇರೆ.

ಮೊನ್ನೆ ಮಧ್ಯಾಹ್ನ ಮೀರಾಗೆ ಹೆಣೆದ ಕಾಲುಚೀಲ ಹಿಡಿದುಕೊಂಡು ಬಂದರು. ನಾನು ಅಡಿಗೆಮನೆಯ ಮೇಜಿನ ಮೇಲೆ ಒಗೆದ ಡಯಾಪರ್ ಮಡಚುತ್ತಿದ್ದೆ. ಎದುರು ಕೂತು ಅವರೂ ಒಂದನ್ನು ತೆಗೆದುಕೊಂಡು ಮಡಚತೊಡಗಿದರು. ಮಗು ಅತ್ತರೆ ನೀರು ತುಂಬಿಡದೆ ನನ್ನ ಕೈ ಸುಮ್ಮನಿರುವುದಿಲ್ಲ, ಈ ಮೂರು ದಿನ ಕೈಗಳನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ ಅಂದರು. ಆಮೇಲೆ ಹೇಳಿದರು. ಅವರ ಇಂಗ್ಲಿಷ್ ತುಂಡುತುಂಡು. ನನಗೆ ಅದು ಕನ್ನಡದಲ್ಲೇ ಕೇಳಿಸಿತು, ಹಾಗೇ ಬರೆಯುತ್ತೇನೆ.

ಊರು ಹಿರೋಶಿಮಾ. ಆಗ ಅವರಿಗೆ ಹದಿನೇಳು, ತಂಗಿ ಕಿಯೋಗೆ ಹನ್ನೆರಡು. ವಿಮಾನ ದಾಳಿಯಲ್ಲಿ ಬೆಂಕಿ ಹರಡದಿರಲೆಂದು ಬೀದಿ ಅಗಲ ಮಾಡಲು ಮನೆ ಕೆಡವುತ್ತಿದ್ದರಂತೆ. ಆ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಹಚ್ಚಿದ್ದರು. ಬೆಳಿಗ್ಗೆ ಕಿಯೋ ಅಲ್ಲಿಗೆ ಹೋದಳು. ಇವರನ್ನು ಅಮ್ಮ ಗುಡ್ಡದಾಚೆಯ ಚಿಕ್ಕಮ್ಮನ ಮನೆಗೆ ಕಳಿಸಿದರು, ಎರವಲು ತಂದಿದ್ದ ಜರಡಿ ಕೊಟ್ಟು ಬಾ ಅಂತ. ಇವರು ಆಮೇಲೆ ಹೋಗುತ್ತೇನೆ ಅಂದರಂತೆ. ಅಮ್ಮ ಬಿಡಲಿಲ್ಲ. “ಅಂಚು ಹರಿದ ಜರಡಿ,” ಅಂದರು, “ನಾನು ಇಲ್ಲಿ ಕೂತಿರುವುದು ಅದರಿಂದ.”

ಬೆಳಕನ್ನು ಅವರು ಗುಡ್ಡದ ಆ ಬದಿಯಿಂದ ನೋಡಿದರು. ಅದರ ಬಗ್ಗೆ ಹೆಚ್ಚು ಹೇಳಲಿಲ್ಲ. ಮನೆ ಇದ್ದ ಬೀದಿ ಯಾವುದೆಂದು ಗೊತ್ತು ಮಾಡಿಕೊಳ್ಳಲು ಸಂಜೆಯಾಯಿತಂತೆ. ಅಮ್ಮ ಸಿಗಲೇ ಇಲ್ಲ. ಮಾರನೆಯ ದಿನ ಒಂದು ಶಾಲೆಯ ಜಗುಲಿಯಲ್ಲಿ ಮಕ್ಕಳನ್ನು ಸಾಲಾಗಿ ಮಲಗಿಸಿದ್ದರು. ಮುಖ ನೋಡಿ ಗುರುತು ಹಿಡಿಯುವಂತಿರಲಿಲ್ಲ. ಇವರು ದಾಟಿಯೇ ಹೋಗಿದ್ದರು. ಹಿಂದಿನಿಂದ “ನೇಸಾನ್” ಅಂತ ಕೇಳಿಸಿತು. ನೇಸಾನ್ ಅಂದರೆ ಅಕ್ಕ.

ನಾನು ಮಡಚುತ್ತ ಹ್ಞೂಂ, ಹ್ಞೂಂ ಅನ್ನುತ್ತಿದ್ದೆ, ನಮ್ಮಲ್ಲಿ ಕತೆ ಕೇಳುವವರು ಅನ್ನುವ ಹಾಗೆ. ನನ್ನ ಹ್ಞೂಂ ನಿಂತದ್ದಕ್ಕೆ ಅವರೂ ನಿಲ್ಲಿಸಿದರು. ಕೈಯಲ್ಲಿದ್ದುದನ್ನು ಮಡಚಿಟ್ಟು ನಾನೇ ಮತ್ತೆ ಹ್ಞೂಂ ಅಂದೆ. ಮುಂದುವರಿಸಿದರು.

ಕಿಯೋ ನೀರು ಕೇಳಿದಳು. ಅಲ್ಲಿದ್ದ ಸಿಪಾಯಿ ನೀರು ಕೊಡಬೇಡಿ, ಕುಡಿದವರೆಲ್ಲ ಸಾಯುತ್ತಿದ್ದಾರೆ ಅಂದ. ಇವರು ದೊಡ್ಡವರ ಮಾತು ಕೇಳುವ ಹುಡುಗಿ. ಸ್ವಲ್ಪ ಇರು, ಆಮೇಲೆ ಕೊಡುತ್ತೇನೆ ಅಂದರು. ಕಿಯೋ ಹಟ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಕೇಳುವಳು. ಬೇರೆಯವರ ಮನೆಗೆ ಹೋದಾಗ ಕೇಳಬೇಕೆಂದು ಅಮ್ಮ ಕಲಿಸಿದ ಹಾಗೆ, ದಯವಿಟ್ಟು ಅಂತ ಸೇರಿಸಿ. ರಾತ್ರಿಯೆಲ್ಲ ಕೇಳಿದಳು. ಬೆಳಗಿನ ಜಾವ ಕೇಳುವುದು ನಿಂತಿತು.

“ಆಮೇಲೆ ಒಬ್ಬ ಡಾಕ್ಟರ್ ಹೇಳಿದರು, ನೀರು ಕೊಟ್ಟಿದ್ದರೂ ಅಷ್ಟೆ, ಕೊಡದಿದ್ದರೂ ಅಷ್ಟೆ, ಅವಳು ಬದುಕುತ್ತಿರಲಿಲ್ಲ ಅಂತ. ನನ್ನ ಸಮಾಧಾನಕ್ಕೆ ಹೇಳಿದ್ದು.” ಡಯಾಪರನ್ನು ಕೈಯಿಂದ ತಿಕ್ಕಿ ತಿಕ್ಕಿ ನೇರ ಮಾಡಿದರು. “ಹಾಗಾದರೆ ಕೊಡಬಹುದಿತ್ತಲ್ಲ.”

ನಿನ್ನ ಸಭೆಯ ಬಗ್ಗೆ ಹೇಳಿದೆ. ಕಿಯೋ ಕತೆ ಅಲ್ಲಿ ಓದಲಿ ಅಂದರು. ಇಪ್ಪತ್ತೊಂಬತ್ತು ವರ್ಷದಿಂದ ಅವಳ ಹೆಸರನ್ನು ಯಾರೂ ಗಟ್ಟಿಯಾಗಿ ಕರೆದಿಲ್ಲವಂತೆ.

ಇನ್ನೊಂದು ಮಾತು ನಿನಗೊಬ್ಬಳಿಗೆ. ಎದ್ದು ಹೋಗುವಾಗ ಅವರು ಮೀರಾಳ ಕೈ ಹಿಡಿದು ಮುದ್ದಿಸಿದರು. ಬಾಗಿಲು ಹಾಕಿದ ಮೇಲೆ ನಾನು ಮಗುವಿನ ಕೈಯನ್ನು ಸೋಪು ಹಾಕಿ ತೊಳೆದೆ. ಎರಡು ಸಲ. ನಾನು ಫಿಸಿಕ್ಸ್ ಓದಿದವಳು, ಅನು. ಅದು ಅಂಟುವುದಲ್ಲ ಅಂತ ನನಗೆ ಗೊತ್ತಿಲ್ಲವಾ? ತೊಳೆಯುವಾಗಲೂ ಗೊತ್ತಿತ್ತು. ತೊಳೆದ ಮೇಲೆ ಸಿಂಕಿನ ಮುಂದೆ ನಿಂತು ಅತ್ತೆ. ಅಮ್ಮ ಇದ್ದಿದ್ದರೆ, ಇಲ್ಲ ನೀನಾದರೂ ಪಕ್ಕದಲ್ಲಿದ್ದಿದ್ದರೆ, ಕೈ ಹಿಡಿದು ನಿಲ್ಲಿಸುತ್ತಿದ್ದಿರಿ.

ಗುರುರಾಜ್ ಆಫೀಸಿಗೆ ಹೊರಟಿದ್ದಾರೆ, ಕಾಗದ ಕೊಡು ಪೋಸ್ಟ್ ಮಾಡುತ್ತೇನೆ ಅಂತ ಬಾಗಿಲಲ್ಲಿ ನಿಂತಿದ್ದಾರೆ. ಮೀರಾನೂ ಎದ್ದಳು. ಪತ್ರಿಕೆಯವರು ಬರುತ್ತಾರೆ ಅಂದಿದ್ದೆಯಲ್ಲ. ಅವರ ಹೆಸರು ಹಾಕಬಹುದು, ಊರನ್ನೂ ಹಾಕಬಹುದು.

ತುಳಸಿ

●

ಆಸ್ಟಿನ್
ಶುಕ್ರವಾರ, ೨ ಆಗಸ್ಟ್ ೧೯೭೪

ನನ್ನ ತುಳಸಿ,

ಜರಡಿಯ ಹತ್ತಿರ ಒಂದು ಸಲ, ನೀರಿನ ಹತ್ತಿರ ಒಂದು ಸಲ ಕಾಗದ ಕೆಳಗಿಟ್ಟು ಹೊರಗೆ ಹೋಗಿ ನಿಂತು ಬಂದೆ. ಎರಡು ರಾತ್ರಿ ಕೂತು ಇಂಗ್ಲಿಷಿಗೆ ಮಾಡಿದೆ. ‘ಹಾಗಾದರೆ ಕೊಡಬಹುದಿತ್ತಲ್ಲ’ ಅನ್ನುವುದು ಇಂಗ್ಲಿಷಿನಲ್ಲಿ ಬರಲೇ ಇಲ್ಲ, ಆ ‘ಅಲ್ಲ’ವನ್ನು ಎಲ್ಲಿಂದ ತರಲಿ? ನೀನು ಸಿಂಕಿನ ಮುಂದೆ ಮಾಡಿದ್ದನ್ನು ಹಾಕಿಲ್ಲ. ಅದು ನನ್ನ ಹತ್ತಿರವೇ ಇರುತ್ತದೆ. ನಿನ್ನನ್ನು ನೀನು ಅಷ್ಟು ಜರೆದುಕೊಳ್ಳಬೇಡ.

ಹೆಸರಿಲ್ಲದ ಮಾತನ್ನು ಯಾರೂ ನಂಬುವುದಿಲ್ಲ, ಯಾರೋ ಕಟ್ಟಿದ ಕತೆ ಅನ್ನುತ್ತಾರೆ ಅಂತ ನನಗೆ ಚಿಂತೆಯಾಗಿತ್ತು. ಕೇಳುವುದು ಹೇಗೆ ಅಂತ ಯೋಚಿಸುತ್ತಿದ್ದೆ. ನಿನ್ನ ಕೊನೆಯ ಸಾಲು ಓದಿ ಜೀವ ಹಗುರಾಯಿತು. ಹೆಸರೂ ಹಾಕಬಹುದು, ಊರೂ ಹಾಕಬಹುದು! ಎಷ್ಟು ಧೈರ್ಯದ ಹೆಂಗಸು. ನನ್ನ ನಮಸ್ಕಾರ ಹೇಳು.

ಒಂದೇ ಹಾಳೆಯ ಕರಪತ್ರ, ಮುನ್ನೂರು ಪ್ರತಿ ತೆಗೆದಿದ್ದೇವೆ. ಒಂದನ್ನು ಇದರ ಜತೆ ಇಟ್ಟಿದ್ದೇನೆ. ಕೊನೆಯಲ್ಲಿ ದಪ್ಪಕ್ಷರದಲ್ಲಿ, ‘ತೊಮಿಕೋ ಹ್ಯಾರಿಸ್, ಕ್ಲಿಯರ್ ಲೇಕ್’. ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಇಲ್ಲಿ ಗಂಟೆ ಬಾರಿಸಿ ಹಂಚುತ್ತೇವೆ. ನೂರು ಪ್ರತಿ ಅದೇ ಬೆಳಗಿನ ಏಳು ಗಂಟೆಯ ಬಸ್ಸಿನಲ್ಲಿ ಡಾಲಸ್ಸಿಗೆ. ಅಲ್ಲಿಯ ಪತ್ರಿಕೆಯೊಂದು ಪೂರ್ತಿ ಅಚ್ಚು ಹಾಕುತ್ತೇವೆ ಅಂದಿದೆ.

ನನ್ನ ಬಾಡಿಗೆ ರೂಮು ಬಿಟ್ಟೆ. ಹೊಸದು ಸಿಗುವವರೆಗೆ ಚರ್ಚಿನ ನೆಲಮಾಳಿಗೆಯಲ್ಲೇ ನಮ್ಮ ಠಿಕಾಣಿ. ಅಲ್ಲಿಗೆ ಫೋನಿಲ್ಲ, ಬೀದಿ ಮೂಲೆಯಲ್ಲಿ ಕಾಯಿನ್ ಫೋನಿದೆ. ಸಭೆ ಮುಗಿದ ಮೇಲೆ ಮಾತಾಡೋಣ. ಮೂರು ವರ್ಷವಾಯಿತು ಕಣೇ ನಿನ್ನ ಧ್ವನಿ ಕೇಳಿ.

ನಿನ್ನ ಅನು

●

ಕ್ಲಿಯರ್ ಲೇಕ್
ಸೋಮವಾರ, ೫ ಆಗಸ್ಟ್ ೧೯೭೪
ಸಂಜೆ ನಾಲ್ಕು ಗಂಟೆ

ಅನು,

ನಿನ್ನ ಕಾಗದ ಮಧ್ಯಾಹ್ನ ಒಂದು ಗಂಟೆಗೆ ಬಂತು. ನಿನ್ನ ಹಳೆಯ ಮನೆಗೆ ಮೂರು ಸಲ ಫೋನ್ ಮಾಡಿದೆ, ನೀನು ಎಲ್ಲಿದ್ದೀಯೋ ಗೊತ್ತಿಲ್ಲ ಅಂದರು. ಡಿಪಾರ್ಟ್‌ಮೆಂಟಿನಲ್ಲಿ ಯಾರೂ ಎತ್ತುತ್ತಿಲ್ಲ. ಚನ್ನಬಸಪ್ಪನವರು ವಾರಾಂತ್ಯಕ್ಕೆ ಬಂದವರು ಈಗ ಐದು ಗಂಟೆಗೆ ವಾಪಸು ಹೊರಡುತ್ತಿದ್ದಾರೆ. ಚರ್ಚು ಅವರಿಗೆ ಗೊತ್ತಂತೆ. ನಿನ್ನ ಕೈಗೇ ಕೊಡಬೇಕು ಅಂತ ಆಣೆ ಹಾಕಿಸಿಕೊಂಡು ಇದನ್ನು ಅಂಟಿಸಿ ಕೊಡುತ್ತೇನೆ. ಬಾಯಲ್ಲಿ ಹೇಳಿ ಕಳಿಸುವಂತಿಲ್ಲ. ಅವರಿಗೆ ಹೇಳಿದರೆ ಭಾನುವಾರದ ಹೊತ್ತಿಗೆ ಸುಶೀಲಮ್ಮನವರ ಅಡಿಗೆಮನೆಗೆ ಮುಟ್ಟುತ್ತದೆ. ಗುರುರಾಜ್‌ಗೂ ಹೇಳಿಲ್ಲ.

ಅನು, ಹೆಸರು ಹಾಕಿ ಅಂತ ನಾನು ಬರೆದದ್ದಲ್ಲ. ಪತ್ರಿಕೆಯವರು ಹಾಕಿಬಿಡಬಹುದು, ಹಾಗೆ ಆಗಿಬಿಡಬಹುದು, ಎಚ್ಚರ, ಅಂತ ಬರೆಯಹೊರಟಿದ್ದೆ. ಗುರುರಾಜ್ ಬಾಗಿಲಲ್ಲಿ ನಿಂತಿದ್ದರು, ಮಗು ಕಿರುಚುತ್ತಿತ್ತು, ಮುಂದಿನ ಸಾಲು ಬರೆಯಲೇ ಇಲ್ಲ. ಬರೆದಿದ್ದೇನೆ ಅಂದುಕೊಂಡಿದ್ದೆ. ಇವತ್ತು ನಿನ್ನ ಕಾಗದದಲ್ಲಿ ನನ್ನದೇ ಸಾಲು ನೋಡಿ ಗೊತ್ತಾಯಿತು. ನಿನ್ನ ಹೈಸ್ಕೂಲಿನ ಕನ್ನಡದ ಹಾಲಪ್ಪ ಮೇಷ್ಟ್ರು ಹೇಳುತ್ತಿದ್ದರಂತೆ ಅಂತ ನೀನೇ ಒಮ್ಮೆ ಅವರ ಹಾಗೆ ಮೂಗು ಹಿಡಿದು ಅಂದು ತೋರಿಸಿದ್ದೆ, ‘ಬಹುದು’ ಅನ್ನುವುದು ಅನುಮತಿಯೂ ಹೌದು, ಅನುಮಾನವೂ ಹೌದು, ಯಾರು ಮಾಡುವವರು ಅಂತ ಹೇಳದೆ ಅದನ್ನು ಬರೆಯಬೇಡಿ ಅಂತ. ನಾನು ಯಾರೆಂದು ಹೇಳಲಿಲ್ಲ. ನೀನು ಅನುಮತಿ ಅಂತ ಓದಿದೆ. ನಿನ್ನ ತಪ್ಪಿಲ್ಲ. ನಾನಾಗಿದ್ದರೂ ಹಾಗೇ ಓದುತ್ತಿದ್ದೆ.

ನಾನು ಬರೆಯದೆ ಬಿಟ್ಟದ್ದು ಇದು. ಲಿಂಡಾಗೆ ಗೊತ್ತಿಲ್ಲ. ಅಮ್ಮ ಕೋಬೆಯವಳು ಅಂತಲೇ ಅವಳು ತಿಳಿದಿರುವುದು. ಗಂಡನಿಗೆ ಮಾತ್ರ ಗೊತ್ತಿತ್ತು, ಅವರೂ ಇಲ್ಲ. ಇವರ ಜತೆಗೆ ಬದುಕಿ ಉಳಿದ ಹುಡುಗಿಯರಿಗೆ ಜಪಾನಿನಲ್ಲಿ ಗಂಡು ಸಿಗುತ್ತಿರಲಿಲ್ಲವಂತೆ, ಹುಟ್ಟುವ ಮಗು ಹೇಗಿರುತ್ತದೋ ಅಂತ ಸಂಬಂಧ ಮುರಿಯುತ್ತಿದ್ದರಂತೆ. ಅದನ್ನೆಲ್ಲ ದಾಟಿ ಇಲ್ಲಿಗೆ ಬಂದವರು. ಲಿಂಡಾಗೆ ಹೋದ ವರ್ಷ ಒಂದು ಹೋಯಿತು, ಐದನೆಯ ತಿಂಗಳಲ್ಲಿ. ಈಗ ಎಂಟು ತುಂಬಿದೆ. ಈ ಹಾಳೆ ಈಗ ಅವಳ ಕೈಗೆ ಸಿಕ್ಕರೆ ಏನಾಗುತ್ತದೆ ಹೇಳು. ಹೋದದ್ದು ಇದರಿಂದಲೇ ಅಂದುಕೊಳ್ಳುತ್ತಾಳೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದು ತಿಂಗಳು ಹೇಗೆ ಮಲಗುತ್ತಾಳೆ? ಏನೂ ಇಲ್ಲದೆ ನಾನೇ ಮಲಗಲಾರೆ. ಹೊರಗಿನವರು ಮುಟ್ಟಿದ ಕೈಯನ್ನೇ ಸೋಪು ಹಾಕಿ ತೊಳೆದವಳು ನಾನು; ಅವಳು ಯಾವುದನ್ನು ತೊಳೆದುಕೊಳ್ಳುತ್ತಾಳೆ?

ಅವರು ನನಗೆ ಹೇಳಿದ್ದು ಇಷ್ಟು: “ಮಗು ಹುಟ್ಟಲಿ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನೇ ಅವಳಿಗೆ ಹೇಳುತ್ತೇನೆ. ಆಮೇಲೆ ಎಲ್ಲಿ ಬೇಕಾದರೂ ಬಂದು ನಿಂತು ನನ್ನ ಹೆಸರು ಹೇಳುತ್ತೇನೆ.” ಬರುವ ವರ್ಷದ ಸಭೆಗೆ ಅವರೇ ಬರುತ್ತಾರೆ ಅನು, ನಾನು ಕರೆತರುತ್ತೇನೆ. ಈಗ ಬೇಡ.

ಅವರು ಈಗ ಇಲ್ಲೇ ಇದ್ದಾರೆ, ನನ್ನ ಎದುರಿಗೆ. ನೀನು ಮಲಗು, ನಾನು ಮಗುವನ್ನು ನೋಡಿಕೊಳ್ಳುತ್ತೇನೆ ಅಂತ ಬಂದರು. ಮೀರಾ ಅವರ ಬೆರಳು ಹಿಡಿದುಕೊಂಡು ಮಲಗಿದ್ದಾಳೆ. ಯಾರಿಗೆ ಬರೆಯುತ್ತಿದ್ದೀ ಅಂದರು. ಗೆಳತಿಗೆ ಅಂದೆ. ನಾಳೆ ಕಿಯೋ ಹೆಸರನ್ನು ಸರಿಯಾಗಿ ಉಚ್ಚರಿಸಲು ಹೇಳು, ‘ಕಿ’ಯನ್ನು ಎಳೆಯಬಾರದು ಅಂದರು. ಬರೆಯುತ್ತೇನೆ ಅಂದೆ. ಹೆಸರು ಅಚ್ಚಾದದ್ದನ್ನು ಅವರಿಗೆ ಹೇಳಿಲ್ಲ.

ಕರಪತ್ರ ಸುಡಬೇಡ. ಕತೆ ಹೋಗಲಿ, ಎಲ್ಲರೂ ಓದಲಿ, ಆಕಳಿಸುವವರ ಕೈಗೂ ಕೊಡು. ಹೆಸರಿರುವುದು ತೀರ ಕೆಳಗಿನ ಸಾಲಿನಲ್ಲಿ, ಮೇಲೆ ಎರಡು ಬೆರಳಷ್ಟು ಜಾಗ ಖಾಲಿ ಇದೆ. ಕತ್ತರಿ ತೆಗೆದುಕೊಂಡು ಆ ಪಟ್ಟಿಯನ್ನು ಕತ್ತರಿಸಿಬಿಡು. ಮುನ್ನೂರು ಹಾಳೆ, ನಾಲ್ಕು ಜನ ಕೂತರೆ ಒಂದು ಗಂಟೆ. ಡಾಲಸ್ಸಿನ ಕಟ್ಟನ್ನು ಮೊದಲು ಬಿಚ್ಚು. ಪತ್ರಿಕೆಯವರಿಗೆ ಆಗಲೇ ಪ್ರತಿ ಕಳಿಸಿದ್ದರೆ ಅವರಿಗೆ ಹೇಳು, ಬೇಡಿಕೊ, ಸುಳ್ಳು ಹೇಳು, ನನ್ನ ಹೆಸರು ಹಾಕಿಕೊಳ್ಳಲಿ ಬೇಕಾದರೆ.

ಚನ್ನಬಸಪ್ಪನವರ ಕಾರು ಹಳೆಯದು. ಒಂಬತ್ತಕ್ಕೆ ಮುಟ್ಟುತ್ತೇನೆ ಅಂದಿದ್ದಾರೆ. ಎಲ್ಲಿ ಕೆಟ್ಟು ನಿಲ್ಲುತ್ತದೋ, ನೀನು ಎಲ್ಲಿ ಹೋಗಿರುತ್ತೀಯೋ. ಆದ್ದರಿಂದ ಇದು ಕೈಗೆ ಬಂದ ಕೂಡಲೇ, ಇಷ್ಟು ಓದಿದ ಕೂಡಲೇ, ಕಾಗದ ಮಡಚದೆ ಎದ್ದು ಆ ಮೂಲೆಯ ಫೋನಿಗೆ ಹೋಗು. ನಂಬರ್ ಲಕೋಟೆಯ ಹಿಂದೆ ಬರೆದಿದ್ದೇನೆ. ಕಲೆಕ್ಟ್ ಕಾಲ್ ಮಾಡು, ದುಡ್ಡು ನನ್ನ ಲೆಕ್ಕಕ್ಕೆ, ನಾನು ಒಪ್ಪಿಕೊಳ್ಳುತ್ತೇನೆ. ಹನ್ನೊಂದಾಗಲಿ, ಎರಡಾಗಲಿ, ನಾಲ್ಕಾಗಲಿ, ಮಲಗಿರುತ್ತಾಳೆ ಅಂದುಕೊಳ್ಳಬೇಡ, ನಾನು ಮಲಗಿರುವುದಿಲ್ಲ. ಕತ್ತರಿಸಿದೆ ಅನ್ನುವ ಒಂದು ಮಾತು ಸಾಕು. ಕೋಪ ಬಂದಿದ್ದರೆ ಅದನ್ನೂ ಹೇಳು, ಕೇಳಿಸಿಕೊಳ್ಳುತ್ತೇನೆ. ಮೂರು ವರ್ಷದ ಬೈಗುಳ ಬಾಕಿಯಿದ್ದರೆ ಎಲ್ಲ ಬಯ್ದುಬಿಡು. ಸುಮ್ಮನೆ ಮಾತ್ರ ಇರಬೇಡ. ಆ ಬಸ್ಸು ಏಳಕ್ಕೆ ಹೊರಡುತ್ತದೆ. ಬೆಳಗಾಗುವುದರೊಳಗೆ ಫೋನ್ ಮಾಡೇ ಅನು, ನಿನ್ನ ಕಾಲು ಹಿಡಿಯುತ್ತೇನೆ, ಬೆಳಗಾಗುವುದರೊಳಗೆ ಫೋನ್ ಮಾಡು.

ತುಳಸಿ